ಫ್ರಾಂಕ್ಲಿನ್ ಅವರ ಹಾಳೆ

ಬೆಂಜಮಿನ್ ಫ್ರಾಂಕ್ಲಿನ್ 1706ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದರು. ಶಾಲೆಗೆ ಹೋದದ್ದು ಎರಡೇ ವರ್ಷ. ಹನ್ನೆರಡನೇ ವಯಸ್ಸಿಗೆ ಅಣ್ಣನ ಮುದ್ರಣಾಲಯ ಸೇರಿದರು. ಉಳಿದದ್ದನ್ನು ತಾವೇ ಓದಿ ಕಲಿತರು.

ಯುವಕರಾಗಿದ್ದಾಗ ಚಿಕ್ಕ ಪುಸ್ತಕವೊಂದರಲ್ಲಿ 13 ಒಳ್ಳೆಯ ಗುಣಗಳನ್ನು ಬರೆದುಕೊಂಡರು. ವಾರಕ್ಕೊಂದು ಗುಣದ ಮೇಲೆ ಹೆಚ್ಚು ಗಮನ ಕೊಡುತ್ತಿದ್ದರು. ದಿನದ ತಪ್ಪುಗಳಿಗೆ ಕಪ್ಪು ಚುಕ್ಕಿ ಇಡುತ್ತಿದ್ದರು. ವಸ್ತುಗಳನ್ನು ಅದರದರ ಜಾಗದಲ್ಲಿಡುವ ಅಭ್ಯಾಸ ಮಾತ್ರ ಕೊನೆಗೂ ಬರಲಿಲ್ಲವೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

1772ರಲ್ಲಿ ಗೆಳೆಯ ಜೋಸೆಫ್ ಪ್ರೀಸ್ಟ್ಲಿ ಹೊಸ ಕೆಲಸ ಒಪ್ಪಿಕೊಳ್ಳಲೇ ಎಂದು ಸಲಹೆ ಕೇಳಿದರು. ಫ್ರಾಂಕ್ಲಿನ್ ಉತ್ತರ ಹೇಳಲಿಲ್ಲ, ದಾರಿ ಹೇಳಿದರು. ಹಾಳೆಯ ನಡುವೆ ಗೆರೆ ಎಳೆದು, ಪರ ಮತ್ತು ವಿರೋಧದ ಕಾರಣಗಳನ್ನು ಮೂರು ನಾಲ್ಕು ದಿನ ಬರೆಯುತ್ತಾ ಹೋಗುವುದು. ಸಮತೂಕದವನ್ನು ಹೊಡೆದುಹಾಕಿ, ಯಾವ ಕಡೆ ಉಳಿಯಿತೆಂದು ನೋಡುವುದು.

ಇಷ್ಟು ಲೆಕ್ಕ ಇಟ್ಟವರ ಮನೆಯಲ್ಲೂ ಗುಲಾಮರಿದ್ದರು. ಆ 13 ಗುಣಗಳ ಪಟ್ಟಿ ಅದನ್ನು ತಡೆಯಲಿಲ್ಲ. ಮನಸ್ಸು ಬದಲಾಗಲು ಹಲವು ವರ್ಷ ಬೇಕಾಯಿತು. 1787ರಲ್ಲಿ ಪೆನ್ಸಿಲ್ವೇನಿಯಾದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು. 1790ರ ಫೆಬ್ರವರಿಯಲ್ಲಿ ಗುಲಾಮಗಿರಿಯ ವಿರುದ್ಧ ಕಾಂಗ್ರೆಸ್‌ಗೆ ಹೋದ ಮನವಿಗೆ ಸಹಿ ಹಾಕಿದರು. ಏಪ್ರಿಲ್‌ನಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಪ್ಪ ಅಮ್ಮಂದಿರೇ, ಗುರುಗಳೇ, ಇನ್ನು ನಾವು ಕಾಲೇಜು ಆರಿಸಬೇಕು. ಉತ್ತರ ಹೇಳುವ ಮೊದಲು ನಮಗೂ ಒಂದು ಹಾಳೆ, ಮೂರು ನಾಲ್ಕು ದಿನ ಕೊಡಿ. ಮುಂದೆ ಮನಸ್ಸು ಬದಲಾದರೆ ಅದನ್ನೂ ಕೇಳಿಸಿಕೊಳ್ಳಿ.