ಇಂದೋರ್ ಪದ್ಧತಿಯ ಕಾಂಪೋಸ್ಟ್ ಮತ್ತು ಸರ್ ಆಲ್ಬರ್ಟ್ ಹೋವರ್ಡ್

ಕಾಂಪೋಸ್ಟ್ ಗುಂಡಿಯನ್ನು ತುಂಬುವಾಗ ನೀವು ಅನುಸರಿಸುವ ಕ್ರಮದ ಹಿಂದೆ ಸರ್ ಆಲ್ಬರ್ಟ್ ಹೋವರ್ಡ್ ಅವರ ದೀರ್ಘಕಾಲದ ಪರಿಶ್ರಮವಿದೆ. 1873ರಲ್ಲಿ ಇಂಗ್ಲೆಂಡಿನ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದ ಇವರು 1905ರಲ್ಲಿ ಸಸ್ಯವಿಜ್ಞಾನಿಯಾಗಿ ಬಿಹಾರದ ಪೂಸಾಕ್ಕೆ ಬಂದರು. ಸಸ್ಯಶಾಸ್ತ್ರಜ್ಞೆಯಾಗಿದ್ದ ಪತ್ನಿ ಗೇಬ್ರಿಯೆಲ್ ಅವರೊಡನೆ ಗೋಧಿಯ ತಳಿಗಳನ್ನು ಸುಧಾರಿಸಿದರು. ಸುತ್ತಲಿನ ರೈತರ ಬೇಸಾಯವನ್ನು ಗಮನಿಸಿ ಕಲಿತದ್ದನ್ನು ಅವರು ಎಂದೂ ಮರೆಮಾಚಲಿಲ್ಲ.

ಹೊಲಕ್ಕೆ ಸೇರಬೇಕಾದ ಸಗಣಿಯ ಬಹುಪಾಲು ಬೆರಣಿಯಾಗಿ ಒಲೆ ಸೇರುತ್ತಿತ್ತು. ಉಳಿದ ಅಲ್ಪ ಸಗಣಿಯಿಂದಲೇ ಹೆಚ್ಚು ಗೊಬ್ಬರ ಪಡೆಯುವ ಬಗೆಯನ್ನು ಅವರು 1924ರಿಂದ ಇಂದೋರ್‌ನಲ್ಲಿ, ಸಹೋದ್ಯೋಗಿ ಯಶವಂತ ವಾಡ್ ಅವರೊಂದಿಗೆ ರೂಪಿಸಿದರು.

ಗುಂಡಿ 30 ಅಡಿ ಉದ್ದ, 14 ಅಡಿ ಅಗಲ; ಆಳ ಮಾತ್ರ 3 ಅಡಿಯನ್ನು ಮೀರದು, ಏಕೆಂದರೆ ಅದಕ್ಕಿಂತ ಆಳಕ್ಕೆ ಗಾಳಿ ಸರಿಯಾಗಿ ಇಳಿಯುವುದಿಲ್ಲ. ಹತ್ತಿ ಮತ್ತು ತೊಗರಿಯ ಗಟ್ಟಿ ಕಡ್ಡಿಗಳನ್ನು ದಾರಿಯಲ್ಲಿ ಹರಡಿ ಗಾಡಿಯ ಚಕ್ರಗಳಿಂದ ನುಗ್ಗಾಗಿಸಿ, ಆ ಬಳಿಕವೇ ಬಳಸುತ್ತಿದ್ದರು. (ಈ ಉಪಾಯಕ್ಕೆ ಯಾವ ಯಂತ್ರವೂ ಬೇಡ!) ಬೆಳೆಯ ತ್ಯಾಜ್ಯ, ಸಗಣಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು, ಬೂದಿ ಇವುಗಳನ್ನು ಪದರ ಪದರವಾಗಿ ಹಾಕಿ ನೀರು ಚಿಮುಕಿಸಬೇಕು. ಮೊದಲು ಶಿಲೀಂಧ್ರಗಳು ಕೆಲಸಕ್ಕೆ ತೊಡಗುತ್ತವೆ. ರಾಶಿಯ ಉಷ್ಣತೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ, ನಂತರ ಬ್ಯಾಕ್ಟೀರಿಯಾಗಳ ಸರದಿ. ಗಂಜಲದ ಸಾರಜನಕವಿಲ್ಲದೆ ಈ ಜೀವಿಗಳು ಒಣ ಕಡ್ಡಿಯ ಇಂಗಾಲವನ್ನು ಬಳಸಿಕೊಳ್ಳಲಾರವು. ಬೂದಿಯು ಹುಳಿತನವನ್ನು ತಗ್ಗಿಸುತ್ತದೆ. ಎರಡು ಮೂರು ವಾರಗಳಿಗೊಮ್ಮೆ, ಆನಂತರ ಎರಡನೆಯ ತಿಂಗಳ ಅಂತ್ಯಕ್ಕೆ, ಹೀಗೆ ಒಟ್ಟು ಮೂರು ಬಾರಿ ಮಗುಚಿದರೆ ಸುಮಾರು 90 ದಿನಗಳಲ್ಲಿ ಗೊಬ್ಬರ ಸಿದ್ಧ. ದುರ್ವಾಸನೆ ಬಂದರೆ ಗಾಳಿಯ ಕೊರತೆಯೆಂದು ತಿಳಿಯಿರಿ. ಮಳೆಗಾಲದಲ್ಲಿ ಗುಂಡಿಗೆ ನೀರು ನಿಲ್ಲುವುದರಿಂದ ಅವರು ನೆಲದ ಮೇಲೆಯೇ ರಾಶಿ ಹಾಕಿಸುತ್ತಿದ್ದರು.

1930ರಲ್ಲಿ ಗೇಬ್ರಿಯೆಲ್ ನಿಧನರಾದರು. ಮರುವರ್ಷ ಹೋವರ್ಡ್ ಭಾರತವನ್ನು ತೊರೆದರು. ಈ ವಿಧಾನವನ್ನು ವಿವರಿಸುವ ಪುಸ್ತಕವೂ ಅದೇ ವರ್ಷ ಪ್ರಕಟವಾಯಿತು. 1934ರಲ್ಲಿ ಸರ್ ಪದವಿ ದೊರೆಯಿತು. ಅನಂತರದ ಬರಹಗಳಲ್ಲಿ ಅವರು ರಾಸಾಯನಿಕ ಗೊಬ್ಬರಗಳನ್ನು ಕಟುವಾಗಿ ವಿರೋಧಿಸಿದರು. ಆ ಕಟುತ್ವವನ್ನು ಒಪ್ಪದವರಿಗೂ ಅವರ ಗುಂಡಿಯ ವಿಧಾನ ಉಪಯುಕ್ತವೇ. 1947ರಲ್ಲಿ ಅವರು ತೀರಿಕೊಂಡರು.

ಮಗುಚಲು ಆಳುಗಳು ದೊರೆಯದಿದ್ದಲ್ಲಿ ನೀವು ಬೆಂಗಳೂರು ಪದ್ಧತಿಯನ್ನು ಅನುಸರಿಸಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಈ ವಿಧಾನದಲ್ಲಿ ತುಂಬಿದ ಗುಂಡಿಯನ್ನು ಮಣ್ಣಿನಿಂದ ಮೆತ್ತಿ ಮುಚ್ಚಿಬಿಡುತ್ತಾರೆ. ಮಗುಚುವ ಕೆಲಸವಿಲ್ಲ, ಆದರೆ ಗೊಬ್ಬರಕ್ಕೆ ಆರರಿಂದ ಎಂಟು ತಿಂಗಳು ಕಾಯಬೇಕು.