‘ಲೆಯ್ಪ್ಯಾ’ ಪದದ ಮೂಲ ಮತ್ತು ವಿಲ್ಹೆಲ್ಮ್ ಥಾಮ್ಸೆನ್

ಡೆನ್ಮಾರ್ಕಿನ ಭಾಷಾವಿಜ್ಞಾನಿ ವಿಲ್ಹೆಲ್ಮ್ ಥಾಮ್ಸೆನ್ (1842-1927) ಅವರ ಹೆಸರು ವಿದ್ವತ್ ವಲಯದಲ್ಲಿ ನೆಲೆನಿಂತಿರುವುದು ಮುಖ್ಯವಾಗಿ ಮಂಗೋಲಿಯದ ಓರ್ಖೋನ್ ಶಾಸನಗಳ ಪ್ರಾಚೀನ ತುರ್ಕಿ ಲಿಪಿಯನ್ನು 1893ರಲ್ಲಿ ಓದಿದ ಕಾರಣಕ್ಕೆ. ಆದರೆ ಅದಕ್ಕೂ ಕಾಲು ಶತಮಾನದಷ್ಟು ಹಿಂದೆ ರೊಟ್ಟಿ, ಮೇಜು, ಉಂಗುರಗಳಂತಹ ಮನೆಮಾತಿನ ಪದಗಳನ್ನು ಹಿಡಿದು ಅವರು ನಡೆಸಿದ ಶೋಧವು ಅದಕ್ಕಿಂತ ಕಡಿಮೆಯದಲ್ಲ.

ಕೋಪನ್‌ಹೇಗನ್ನಿನಲ್ಲಿ ಜನಿಸಿದ ಥಾಮ್ಸೆನ್ 1859ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯವನ್ನು ಸೇರಿದ್ದು ಕ್ರೈಸ್ತ ಧರ್ಮಶಾಸ್ತ್ರದ ಅಧ್ಯಯನಕ್ಕಾಗಿ. ಬೇಗನೆ ಅವರ ಒಲವು ಭಾಷೆಗಳ ಕಡೆಗೆ ಹೊರಳಿತು. 1867ರಲ್ಲಿ ಅವರು ಫಿನ್ಲೆಂಡಿಗೆ ತೆರಳಿದರು. ರಷ್ಯಾದ ಚಕ್ರವರ್ತಿಯ ಅಧೀನದಲ್ಲಿದ್ದ ಆ ನಾಡಿನಲ್ಲಿ ಆಡಳಿತವೂ ಉನ್ನತ ಶಿಕ್ಷಣವೂ ಸ್ವೀಡಿಶ್ ಭಾಷೆಯಲ್ಲಿ ನಡೆಯುತ್ತಿದ್ದವು. 1863ರ ರಾಜಾಜ್ಞೆಯ ತರುವಾಯವಷ್ಟೇ ಫಿನ್ನಿಶಿಗೆ ಅಧಿಕೃತ ಮನ್ನಣೆ ದೊರೆಯತೊಡಗಿತ್ತು. ತನ್ನ ಸ್ಥಾನಕ್ಕಾಗಿ ಹೋರಾಡುತ್ತಿದ್ದ ಭಾಷೆಯಲ್ಲಿ ರೊಟ್ಟಿಯ ಹೆಸರೇ ಎರವಲು ಎನ್ನುವುದು ಸೂಕ್ಷ್ಮವಾದ ವಿಚಾರವೇ ಸರಿ.

ಫಿನ್ನಿಕ್ ಭಾಷೆಗಳ ಮೇಲೆ ಜರ್ಮಾನಿಕ್ ಭಾಷೆಗಳ ಪ್ರಭಾವವನ್ನು ಕುರಿತ ಅವರ ಪ್ರೌಢಪ್ರಬಂಧ 1869ರಲ್ಲಿ ಪ್ರಕಟವಾಯಿತು. ಮರುವರ್ಷವೇ ಜರ್ಮನ್ ಅನುವಾದವೂ ಹೊರಬಂದಿತು. ಫಿನ್ನಿಶಿನಲ್ಲಿ ರೊಟ್ಟಿಗೆ ‘ಲೆಯ್ಪ್ಯಾ’, ಎಸ್ಟೋನಿಯನ್ನಿನಲ್ಲಿ ‘ಲೆಯ್ಬ್’. ಇವುಗಳ ಮೂಲ ಪ್ರಾಚೀನ ಜರ್ಮಾನಿಕ್‌ನ ‘ಹ್ಲೈಬ’. ಗಾಥಿಕ್‌ನ ‘ಹ್ಲೈಫ್ಸ್’, ಇಂಗ್ಲಿಷಿನ ‘ಲೋಫ್’ ಅದರ ಸಂತತಿ. ಪದಾದಿಯಲ್ಲಿ ಒತ್ತಕ್ಷರವನ್ನು ಹಳೆಯ ಫಿನ್ನಿಕ್ ಸಹಿಸದಿದ್ದುದರಿಂದ ಹಕಾರ ಬಿದ್ದುಹೋಯಿತು. ಬಕಾರಕ್ಕೆ ಪಕಾರ ಬಂದಿತು. ಷಷ್ಠಿಯಲ್ಲಿ ಈ ಪಕಾರವು ದೇಶ್ಯ ಪದಗಳಲ್ಲಿರುವಂತೆಯೇ ವಕಾರವಾಗಿ ‘ಲೆಯ್ವ್ಯಾನ್’ ಆಗುತ್ತದೆ. ಆಡುವವರಿಗೆ ಅದು ಪರಕೀಯವೆನಿಸದಿರುವುದಕ್ಕೆ ಇದೇ ಕಾರಣ. ಕನ್ನಡ ವ್ಯಾಕರಣದ ತದ್ಭವ ಕಲ್ಪನೆ ಇಲ್ಲಿ ನೆನಪಾಗುವುದು ಸಹಜ. ವ್ಯತ್ಯಾಸವೆಂದರೆ ತದ್ಭವಗಳ ಸಂಸ್ಕೃತ ಮೂಲಗಳು ಗ್ರಂಥಸ್ಥವಾಗಿವೆ. ಪ್ರಾಚೀನ ಜರ್ಮಾನಿಕ್‌ಗೆ ಗ್ರಂಥವೇ ಇಲ್ಲ.

ಥಾಮ್ಸೆನ್ ಅವರ ಸಾಧನೆ ಇರುವುದು ಈ ಕೊರತೆಯನ್ನು ತುಂಬಿದ್ದರಲ್ಲಿ. ಉಂಗುರ, ಬಳೆ ಎಂಬರ್ಥದ ಫಿನ್ನಿಶ್ ‘ರೆಂಗಸ್’ ಪದವು ‘ಹ್ರೆಂಗಜ್’ ಎಂಬ ಮೂಲದ ಎಕಾರವನ್ನೂ ಪ್ರಥಮಾ ಪ್ರತ್ಯಯವನ್ನೂ ಉಳಿಸಿಕೊಂಡಿದೆ. ಪದವನ್ನು ಕೊಟ್ಟ ಕಡೆಯವರಲ್ಲಿ ಅವೆರಡೂ ನಶಿಸಿ ‘ರಿಂಗ್’ ಮಾತ್ರ ಉಳಿಯಿತು. ರಾಜವಾಚಕವಾದ ‘ಕುನಿಂಗಸ್’ ಪದದ್ದೂ ಇದೇ ಕಥೆ. ಹೀಗಾಗಿ ಎರವಲು ಪಡೆದ ಭಾಷೆಯೇ ಕೊಟ್ಟ ಭಾಷೆಯ ಚರಿತ್ರೆಗೆ ಸಾಕ್ಷಿಯಾಯಿತು. ನಾಲ್ಕನೆಯ ಶತಮಾನದ ಗಾಥಿಕ್ ಬೈಬಲ್ಲಿಗಿಂತ ಹಳೆಯ ರೂಪಗಳು ಫಿನ್ನಿಶ್ ಮನೆಗಳಲ್ಲಿ ಬಳಕೆಯಲ್ಲಿದ್ದವು.

1890ರ ಗ್ರಂಥದಲ್ಲಿ ಅವರು ಬಾಲ್ಟಿಕ್ ಎರವಲುಗಳತ್ತ ತಿರುಗಿದರು. ಹಲ್ಲು, ಮಗಳು, ಸೋದರಿ ಎಂಬರ್ಥದ ಪದಗಳೂ ಬಾಲ್ಟಿಕ್ ಮೂಲದವೇ. ಅಂಗ ಹಾಗೂ ಬಂಧುವಾಚಕಗಳು ಎರವಲಾಗುವುದಿಲ್ಲವೆಂಬ ರೂಢಿಯ ನಂಬಿಕೆ ಇದರಿಂದ ಸಡಿಲವಾಗುತ್ತದೆ.

1887ರಿಂದ 1913ರವರೆಗೆ ಕೋಪನ್‌ಹೇಗನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಥಾಮ್ಸೆನ್ 1927ರಲ್ಲಿ ನಿಧನರಾದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿನ್ಲೆಂಡಿನ ಯೋರ್ಮಾ ಕೊಯ್ವುಲೆಹ್ತೊ (1934-2014) ಥಾಮ್ಸೆನ್ ಗುರುತಿಸಿದ್ದಕ್ಕಿಂತಲೂ ಹಳೆಯ ಎರವಲಿನ ಸ್ತರಗಳನ್ನು ತೋರಿಸಿ, ಈ ಸಂಪರ್ಕದ ಕಾಲವನ್ನು ಇನ್ನಷ್ಟು ಹಿಂದಕ್ಕೆ ಒಯ್ದರು.