ಬಾಣಲೆಯಲ್ಲಿ ಉರಿದ ಬೆಳಕು: ಜೇಕಬ್ ರೀಸ್ ತೆಗೆದ ಚಿತ್ರಗಳನ್ನು ಇವತ್ತು ಹೇಗೆ ನೋಡಬೇಕು?

ನ್ಯೂಯಾರ್ಕಿನ ಬೇಯಾರ್ಡ್ ಬೀದಿಯ ಒಂದು ವಠಾರದಲ್ಲಿ 1889ರ ಹೊತ್ತಿಗೆ ತೆಗೆದ ಫೋಟೊ ಒಂದಿದೆ. ಚಿಕ್ಕ ಕೋಣೆ. ಗಂಟುಮೂಟೆ, ಬೂಟು, ಪಾತ್ರೆಗಳ ನಡುವೆ ಜನ ಒತ್ತೊತ್ತಾಗಿ ಮಲಗಿದ್ದಾರೆ. ಒಬ್ಬ ನಿದ್ದೆಗಣ್ಣಲ್ಲೇ ನಮ್ಮ ಕಡೆ ನೋಡ್ತಿದ್ದಾನೆ. ಅಲ್ಲಿ ಒಂದು ರಾತ್ರಿ ಬೆನ್ನು ಚಾಚಲು ಐದು ಸೆಂಟ್ ಬಾಡಿಗೆ, ಫೋಟೊದ ಹೆಸರು ಬಂದಿದ್ದೂ ಆ ಲೆಕ್ಕದಿಂದಲೇ. ಫೋಟೋಗ್ರಫಿ ಚರಿತ್ರೆಯ ಪುಸ್ತಕಗಳಲ್ಲಿ ಇದು ಬಡತನದ ಸಾಕ್ಷಿ ಅಂತ ಬರುತ್ತೆ. ನನಗೆ ಮಾತ್ರ ಪ್ರತಿಸಲ ಮೊದಲು ಕಾಣುವುದು ಆ ನಿದ್ದೆಗಣ್ಣು. ಯಾರೋ ಒಳಗೆ ನುಗ್ಗಿದ್ದಾರೆ, ಏನಾಗ್ತಿದೆ ಅಂತ ಅವನಿಗೆ ಗೊತ್ತಾಗುವಷ್ಟರಲ್ಲಿ ಮೆಗ್ನೀಸಿಯಂ ಪುಡಿ ಸಿಡಿದಿದೆ.

ನುಗ್ಗಿದವನು ಜೇಕಬ್ ರೀಸ್. ಪೊಲೀಸ್ ಸುದ್ದಿ ಬರೆಯುತ್ತಿದ್ದ ರಿಪೋರ್ಟರ್. ಅವನಿಂದಾಗಿ ಮುಂದೆ ಒಂದು ಕೇರಿಯೇ ನೆಲಸಮವಾಯಿತು, ಒಬ್ಬ ಭಾವೀ ಅಧ್ಯಕ್ಷ ಅವನ ಗೆಳೆಯನಾದ. ಫ್ಲ್ಯಾಶ್ ಹಿಡಿದು ಬೀದಿಗಿಳಿಯುವ ನಮ್ಮಂಥವರಿಗೆಲ್ಲ ಅವನು ಒಂಥರಾ ಮುತ್ತಾತ. ಮುತ್ತಾತನ ಆಸ್ತಿಯ ಜೊತೆ ಸಾಲವೂ ನಮ್ಮ ಪಾಲಿಗೆ ಬಂದಿದೆ.

ಹುಟ್ಟಿದ್ದು 1849ರಲ್ಲಿ, ಡೆನ್ಮಾರ್ಕಿನ ರೀಬೆ ಅನ್ನುವ ಸಣ್ಣ ಊರಲ್ಲಿ. ಅಪ್ಪ ಮೇಷ್ಟ್ರು, ಮನೆ ತುಂಬ ಮಕ್ಕಳು. ಹುಡುಗ ಬಡಗಿ ಕೆಲಸ ಕಲಿತ. ಎಲಿಸಬೆತ್ ಎಂಬ ಹುಡುಗಿಯನ್ನು ಇಷ್ಟಪಟ್ಟ, ಅವಳು ಒಲ್ಲೆ ಅಂದಳು. 1870ರಲ್ಲಿ, 21ನೇ ವಯಸ್ಸಿಗೆ ಅಮೆರಿಕದ ಹಡಗು ಹತ್ತಿದ. ಅಲ್ಲಿ ಕೆಲವು ಕಾಲ ಅಕ್ಷರಶಃ ಬೀದಿಪಾಲಾದ. ಮನೆಯಿಲ್ಲದವರಿಗೆ ಆಗ ಪೊಲೀಸ್ ಠಾಣೆಗಳಲ್ಲೇ ರಾತ್ರಿ ಮಲಗಲು ಕೋಣೆ ಇರುತ್ತಿತ್ತು. ಚರ್ಚ್ ಸ್ಟ್ರೀಟಿನ ಠಾಣೆಯಲ್ಲಿ ಹಾಗೆ ಮಲಗಿದ್ದಾಗ ಅವನ ಕತ್ತಿನಲ್ಲಿದ್ದ ಚಿನ್ನದ ಲಾಕೆಟ್ ಕಳುವಾಯಿತು. ದೂರು ಕೊಡಲು ಹೋದವನನ್ನೇ ಪೊಲೀಸರು ಹೊರಗೆ ದಬ್ಬಿದರು. ಅವನ ಹಿಂದೆ ಸುತ್ತುತ್ತಿದ್ದ ಬೀದಿನಾಯಿಯನ್ನು ಕಣ್ಣೆದುರೇ ಹೊಡೆದು ಕೊಂದರು. ಈ ನಾಯಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1873ರ ಹೊತ್ತಿಗೆ ಪತ್ರಿಕೆಯ ಕೆಲಸ ಸಿಕ್ಕಿತು. 1876ರಲ್ಲಿ ಊರಿಗೆ ಹೋಗಿ ಅದೇ ಎಲಿಸಬೆತ್‌ಳನ್ನು ಮದುವೆಯಾಗಿ ಬಂದ. ಮರುವರ್ಷ ಟ್ರಿಬ್ಯೂನ್ ಪತ್ರಿಕೆ ಅವನನ್ನು ಪೊಲೀಸ್ ಬೀಟ್‌ಗೆ ಹಾಕಿತು. ಕಚೇರಿ ಮಲ್ಬರಿ ಬೀದಿಯಲ್ಲಿ, ಪೊಲೀಸ್ ಹೆಡ್‌ಕ್ವಾರ್ಟರ್ಸ್ ಎದುರಿಗೇ. ಅಲ್ಲಿಂದ ಸ್ವಲ್ಪ ನಡೆದರೆ ನಗರದ ಅತಿ ದಟ್ಟ ಕೇರಿ, ಮಲ್ಬರಿ ಬೆಂಡ್. ರಾತ್ರಿಪಾಳಿ ಮುಗಿಸಿ ಅದರೊಳಗಿಂದಲೇ ಓಡಾಡುತ್ತಿದ್ದ. ಕಂಡಿದ್ದನ್ನು ಬರೆದ, ಮತ್ತೆ ಬರೆದ. ಏನೂ ಆಗಲಿಲ್ಲ. ಓದುಗರಿಗೆ ಆ ವಠಾರಗಳು ಬರೀ ಪದಗಳಾಗಿದ್ದವು. ಫೋಟೊ ತೆಗೆಯೋಣ ಅಂದ್ರೆ ಒಳಕೋಣೆಗಳಿಗೆ ಕಿಟಕಿಯೇ ಇಲ್ಲ. ಬಾಡಿಗೆ ಹೆಚ್ಚು ಬರಲಿ ಅಂತ ಮಾಲೀಕರು ಒಂದು ಮನೆಯನ್ನು ಸೀಳಿ ಸೀಳಿ ಹತ್ತು ಮಾಡಿದ್ದರು. ಆ ಕತ್ತಲೆ ತಾನಾಗಿ ಬಂದಿದ್ದಲ್ಲ, ಬಾಡಿಗೆ ಲೆಕ್ಕದಲ್ಲಿ ಹುಟ್ಟಿದ್ದು.

1887ರಲ್ಲಿ ಒಂದು ಸುದ್ದಿ ಅವನ ಕಣ್ಣಿಗೆ ಬಿತ್ತು. ಜರ್ಮನಿಯಲ್ಲಿ ಮೀಥೆ ಮತ್ತು ಗೇಡಿಕೆ ಎಂಬ ಇಬ್ಬರು ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮುಂತಾದವನ್ನು ಬೆರೆಸಿ, ಕಿಡಿ ತಾಗಿದರೆ ಕ್ಷಣದಲ್ಲಿ ಭಗ್ಗನೆ ಉರಿಯುವ ಬೆಳಕು ಕಂಡುಹಿಡಿದಿದ್ದರು. ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಾದ ಬೆಳಕು. ಆರೋಗ್ಯ ಇಲಾಖೆಯ ಡಾ. ಜಾನ್ ನೇಗಲ್, ಹವ್ಯಾಸಿ ಫೋಟೋಗ್ರಾಫರುಗಳಾದ ಪಿಫರ್ಡ್ ಮತ್ತು ಲಾರೆನ್ಸ್ ಜೊತೆ ರೀಸ್ ರಾತ್ರಿ ಹೊರಟ. ಮೊದಮೊದಲು ಈ ಪುಡಿಯನ್ನು ಪಿಸ್ತೂಲಿನಂಥ ಸಾಧನದಲ್ಲಿಟ್ಟು ಸಿಡಿಸಬೇಕಿತ್ತು. ಮಧ್ಯರಾತ್ರಿ ನಾಲ್ಕು ಜನ ಅಪರಿಚಿತರು ಬಾಗಿಲು ತಳ್ಳಿ ಬಂದು ಪಿಸ್ತೂಲು ಎತ್ತಿದರೆ ಮನೆಯವರು ಏನು ಮಾಡ್ತಾರೆ? ಕಿಟಕಿ ಹಾರಿ ಓಡಿದರು. ಆಮೇಲೆ ರೀಸ್ ಪಿಸ್ತೂಲು ಬಿಟ್ಟು ಬಾಣಲೆ ಹಿಡಿದ. ಹೌದು, ಅಡುಗೆಮನೆಯ ಬಾಣಲೆ. ಅದರಲ್ಲಿ ಪುಡಿ ಸುರಿದು ಬೆಂಕಿ ಹಚ್ಚುವುದು.

ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಮಾತು. ಫೋಟೊ ತೆಗೆಯುವುದೇ ನನ್ನ ಕೆಲಸ. ಅಂಗೈಗಿಂತ ತುಸು ದೊಡ್ಡದಾದ ಎರಡು ಫ್ಲ್ಯಾಶ್ ನನ್ನ ಬ್ಯಾಗಲ್ಲಿ ಇರುತ್ತವೆ. ಚಿಕ್ಕ ಫ್ಲ್ಯಾಶಿನ ಗುಟ್ಟು ಇಷ್ಟೇ: ಅದನ್ನು ಕ್ಯಾಮೆರಾದ ತಲೆ ಮೇಲಿಂದ ಇಳಿಸಬೇಕು. ಪಕ್ಕದಲ್ಲಿ ಸ್ಟ್ಯಾಂಡಿಗೆ ಹಾಕಿ, ಛತ್ರಿಯೊಳಗಿಂದ ಹಾಯಿಸಿ, ಇಲ್ಲ ಬಿಳಿ ಗೋಡೆಗೆ ಬಡಿದು ವಾಪಸ್ ಬರುವಂತೆ ಮಾಡಿ. ಮುಖಕ್ಕೆ ಉಬ್ಬುತಗ್ಗು ಬರುತ್ತೆ, ಕೋಣೆಗೆ ಆಳ ಬರುತ್ತೆ. ಎದುರಿಂದ ನೇರ ಹೊಡೆದರೆ ಎಲ್ಲಾ ಚಪ್ಪಟೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಮುಂದಿದ್ದವನ ಮುಖ ಸುಣ್ಣ ಬಳಿದಂತೆ, ಹಿಂದಿನ ಮೂಲೆ ಕಪ್ಪು. ರೀಸ್‌ನ ಎಷ್ಟೋ ಚಿತ್ರಗಳು ಹೀಗೇ ಇವೆ. ಬೆಳಕನ್ನು ಪಕ್ಕಕ್ಕೆ ಇಟ್ಟು ತೆಗೆಯಬೇಕಾದರೆ ಸಮಯ ಬೇಕು. ಮನೆಯವರು ಕೂರಿ ಅನ್ನಬೇಕು, ಸ್ಟ್ಯಾಂಡ್ ಎಲ್ಲಿಡಲಿ ಅಂತ ನಾವು ಕೇಳಬೇಕು. ರೀಸ್ ಹಾಗೆ ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ಮಸೂರ ತೆರೆ, ಪುಡಿ ಸಿಡಿಸು, ಮಸೂರ ಮುಚ್ಚು, ಹೊರಡು. ಕೋಣೆ ತುಂಬ ಬಿಳಿ ಹೊಗೆ, ಅದು ಕರಗುವ ತನಕ ಎರಡನೇ ಚಿತ್ರವಂತೂ ಇಲ್ಲ. ಅವನ ಬೆಳಕು ಚಪ್ಪಟೆಯಾಗಿದ್ದಕ್ಕೆ ತಂತ್ರಜ್ಞಾನ ಒಂದೇ ಕಾರಣ ಅಲ್ಲ ಅಂತ ನಾನು ಹೇಳೋದು ಇದಕ್ಕೇ.

ಅಪಾಯವೂ ಕಡಿಮೆ ಇರಲಿಲ್ಲ. ಒಮ್ಮೆ ಪುಡಿ ಅವನ ಮುಖಕ್ಕೇ ಸಿಡಿಯಿತು, ಕನ್ನಡಕ ಇದ್ದಿದ್ದರಿಂದ ಕಣ್ಣು ಉಳೀತು. ಇನ್ನೊಮ್ಮೆ ಕುರುಡು ಭಿಕ್ಷುಕರು ವಾಸವಿದ್ದ ಕೋಣೆಯಲ್ಲಿ ಗೋಡೆಗೆ ಅಂಟಿದ್ದ ಕಾಗದಕ್ಕೆ, ಚಿಂದಿಗೆ ಬೆಂಕಿ ಹತ್ತಿತು. ಕಣ್ಣು ಕಾಣದವರಿಗೆ ಉರಿಯುತ್ತಿರುವುದೂ ತಿಳಿಯದು. ರೀಸ್ ತನ್ನ ಕೋಟಿನಿಂದ ಬಡಿದು ಬಡಿದು ಆರಿಸಿದ. ಹೊರಗೆ ಬಂದು ಪೊಲೀಸನಿಗೆ ಹೇಳಿದರೆ ಅವನು ನಕ್ಕನಂತೆ, ಆ ಮನೆ ಉರಿಯಲೂ ಆಗದಷ್ಟು ಕೊಳಕು ಅಂತ. ರೀಸ್ ಈ ಕತೆಯನ್ನು ತಮಾಷೆಯಾಗಿಯೇ ಹೇಳಿಕೊಂಡಿದ್ದಾನೆ. ಆ ಕೋಣೆಯೊಳಗಿದ್ದವರು ಹೇಗೆ ಹೇಳಿಕೊಂಡರೋ ಎಲ್ಲೂ ದಾಖಲಾಗಿಲ್ಲ.

1888ರ ಫೆಬ್ರವರಿಯಲ್ಲಿ ಸನ್ ಪತ್ರಿಕೆ ಈ ಚಿತ್ರಗಳನ್ನು ಗೆರೆಚಿತ್ರಗಳಾಗಿ ಮಾರ್ಪಡಿಸಿ ಹಾಕಿತು. ದಿನಪತ್ರಿಕೆಗಳು ಫೋಟೊವನ್ನೇ ಅಚ್ಚು ಹಾಕುವ ಕಾಲ ಇನ್ನೂ ಬಂದಿರಲಿಲ್ಲ. ಆದ್ದರಿಂದ ನಿಜವಾದ ಕೆಲಸ ಆಗಿದ್ದು ಮ್ಯಾಜಿಕ್ ಲ್ಯಾಂಟರ್ನ್ ಪ್ರದರ್ಶನಗಳಲ್ಲಿ. ಚರ್ಚು, ಸಭಾಂಗಣಗಳಲ್ಲಿ ಉಳ್ಳವರನ್ನು ಕೂರಿಸಿ, ಕತ್ತಲೆ ಮಾಡಿ, ಪರದೆಯ ಮೇಲೆ ವಠಾರ ತೋರಿಸುತ್ತಿದ್ದ. 1890ರಲ್ಲಿ ಪುಸ್ತಕ ಬಂತು, ಇನ್ನರ್ಧ ಜನ ಹೇಗೆ ಬದುಕುತ್ತಾರೆ ಎಂಬ ಅರ್ಥದ ಹೆಸರು. 17 ಚಿತ್ರಗಳು ಹಾಫ್‌ಟೋನ್‌ನಲ್ಲಿ ಅಚ್ಚಾಗಿದ್ದವು.

ಆ ಪುಸ್ತಕ ಓದುವಾಗ ಎರಡು ಸಲ ಸಿಟ್ಟು ಬರುತ್ತೆ. ಮೊದಲನೆಯದು ಮಾಲೀಕರ ಮೇಲೆ. 13 ಅಡಿಯೂ ಇಲ್ಲದ ಕೋಣೆಯಲ್ಲಿ 12 ಜನ, ಕರಿಯರಿಗೆ ಅದೇ ಕೋಣೆಗೆ ಬಿಳಿಯರಿಗಿಂತ ಹೆಚ್ಚು ಬಾಡಿಗೆ, ಇವನ್ನೆಲ್ಲ ರೀಸ್ ಲೆಕ್ಕ ಸಮೇತ ಬಯಲಿಗಿಟ್ಟ. ಎರಡನೆಯದು ಅವನ ಮೇಲೆಯೇ. ಚೀನೀಯರು ಕಪಟಿಗಳು, ಯಹೂದಿಗಳಿಗೆ ದುಡ್ಡೇ ದೇವರು, ಇಟಲಿಯವರು ಕೊಳಕಿನಲ್ಲೂ ಖುಷಿ. ಹೀಗೆ ಒಂದೊಂದು ಜನಾಂಗಕ್ಕೂ ಒಂದೊಂದು ಚೀಟಿ ಅಂಟಿಸುತ್ತಾ ಹೋಗುತ್ತಾನೆ. ಕಾಲವೇ ಹಾಗಿತ್ತು ಅನ್ನೋ ಸಮಾಧಾನ ನನಗೆ ಸಾಕಾಗಲ್ಲ. ಅವನೂ ವಲಸೆ ಬಂದವನೇ, ಅವನೂ ಅದೇ ಠಾಣೆಯ ಹಲಗೆ ಮೇಲೆ ಮಲಗಿದ್ದವನೇ.

ಇನ್ನೊಂದು ವಿಷಯ. ಅವನ ಕ್ಯಾಮೆರಾ ಎಷ್ಟೋ ರಾತ್ರಿ ಸ್ಯಾನಿಟರಿ ಪೊಲೀಸರ ಜೊತೆಯೇ ಒಳಗೆ ಹೋಗುತ್ತಿತ್ತು. ಕೋಣೆಯಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದಾರಾ ಅಂತ ತಪಾಸಣೆ. ಬರೀ ವರದಿಗೆ ಕದಲದ ಆರೋಗ್ಯ ಮಂಡಳಿ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಅವನ ನೆಗೆಟಿವ್ ನೋಡಿ ಕದಲಿತು. ನ್ಯಾಯದ ಗೆಲುವು ಅಂತ ಅನ್ನಬಹುದು. ಆದರೆ ಐದು ಸೆಂಟಿನ ಜಾಗವೂ ಹೋದರೆ ಅವನು ಮಲಗುವುದೆಲ್ಲಿ? ಇವತ್ತು ಮೊಬೈಲ್ ಟಾರ್ಚ್ ಹಿಡಿದು ಗುಡಿಸಲಿಗೆ ನುಗ್ಗಿ ಲೈವ್ ಮಾಡುವವರನ್ನು ನೋಡಿದಾಗೆಲ್ಲ ಈ ಪ್ರಶ್ನೆ ನನಗೆ ಬರುತ್ತೆ.

ಪುಸ್ತಕ ಓದಿ ಅವನನ್ನು ಹುಡುಕಿ ಬಂದವನು ಥಿಯೋಡರ್ ರೂಸ್ವೆಲ್ಟ್. 1895ರಲ್ಲಿ ಪೊಲೀಸ್ ಮಂಡಳಿಯ ಅಧ್ಯಕ್ಷನಾದಾಗ ಇಬ್ಬರೂ ರಾತ್ರಿ ಗಸ್ತು ತಿರುಗಿದರು. ಚರ್ಚ್ ಸ್ಟ್ರೀಟ್ ಠಾಣೆಯಲ್ಲಿ ರೀಸ್ ತನ್ನ ನಾಯಿಯ ಕತೆ ಹೇಳಿದ. 1896ರಲ್ಲಿ ಠಾಣೆಗಳ ಮಲಗುಕೋಣೆಗಳೆಲ್ಲ ಮುಚ್ಚಿದವು. ಅವು ನರಕವೇ ಆಗಿದ್ದವು, ನಿಜ. ಆದರೆ ಹಿಮ ಸುರಿಯುವ ರಾತ್ರಿ ಕೈಯಲ್ಲಿ ಕಾಸಿಲ್ಲದವನಿಗೆ ಉಳಿದಿದ್ದ ಸೂರೂ ಅದೇ. ಮಲ್ಬರಿ ಬೆಂಡ್ ಕೂಡ ಕೆಡವಲಾಯಿತು, 1897ರಲ್ಲಿ ಅಲ್ಲಿ ಪಾರ್ಕ್ ತೆರೆಯಿತು. ಉದ್ಘಾಟನೆಗೆ ರೀಸ್‌ಗೆ ಆಹ್ವಾನವೇ ಇರಲಿಲ್ಲ, ಸುಮ್ಮನೆ ಹೋಗಿ ಜನರ ನಡುವೆ ನಿಂತ. ಆ ಜಾಗದಲ್ಲಿ ಬಾಡಿಗೆಗೆ ಇದ್ದವರಿಗೆ ಪಾರ್ಕಿನ ಜೊತೆ ಮನೆ ಬರಲಿಲ್ಲ.

ಹಾಗಂತ ಇಡೀ ಬದುಕನ್ನು ತಳ್ಳಿಹಾಕೋಕೆ ನಾನು ತಯಾರಿಲ್ಲ. 1901ರ ವಠಾರ ಕಾಯಿದೆ ಹೊಸ ಕಟ್ಟಡಗಳ ಪ್ರತಿ ಕೋಣೆಗೂ ಗಾಳಿ ಬೆಳಕು ಬರಬೇಕು ಅಂದಿತು, ಹಳೆಯ ಕತ್ತಲೆ ಕೋಣೆಗಳ ಗೋಡೆಗೂ ಕಿಟಕಿ ಕೊರೆಯಲು ಹೇಳಿತು. ಅದನ್ನು ತಂದಿದ್ದು ಮುಖ್ಯವಾಗಿ ಲಾರೆನ್ಸ್ ವೀಲರ್ ಮುಂತಾದವರ ಹೋರಾಟ. ಆದರೆ ಕಿಟಕಿಯಿಲ್ಲದ ಕೋಣೆ ಹೇಗಿರುತ್ತೆ ಅಂತ ಊರಿಗೆಲ್ಲ ಮೊದಲು ತೋರಿಸಿದ್ದು ಆ ಬಾಣಲೆ. ಒಂದು ಕ್ಷಣದ ಬೆಳಕು ಶಾಶ್ವತ ಕಿಟಕಿಯಾಗೋಕೆ ಹದಿಮೂರು ವರ್ಷ ಹಿಡೀತು.

ರೀಸ್ 1914ರಲ್ಲಿ ತೀರಿಕೊಂಡ. ತನ್ನನ್ನು ಫೋಟೋಗ್ರಾಫರ್ ಅಂತ ಅವನು ಗಂಭೀರವಾಗಿ ಎಣಿಸಿದ್ದೇ ಇಲ್ಲ, ಗಾಜಿನ ನೆಗೆಟಿವ್‌ಗಳು ಮನೆಯಲ್ಲೇ ಧೂಳು ತಿಂದವು. 1940ರ ದಶಕದಲ್ಲಿ ಅಲೆಕ್ಸಾಂಡರ್ ಆಲಂಡ್ ಎಂಬ ಫೋಟೋಗ್ರಾಫರ್ ಬೆನ್ನು ಹತ್ತಿ ಹುಡುಕಿಸಿ, 1947ರಲ್ಲಿ ಪ್ರದರ್ಶನ ಆಯಿತು. ಮಲಗಿದ್ದವರಲ್ಲಿ ಬಹುತೇಕರಿಗೆ ಅಲ್ಲೂ ಹೆಸರಿಲ್ಲ.

ಕೇಟಿಗೆ ಇದೆ. ಒಂಬತ್ತು ವರ್ಷದ ಹುಡುಗಿ, 52ನೇ ಬೀದಿಯ ಬಡಮಕ್ಕಳ ಶಾಲೆಯವಳು. ಅಮ್ಮ ಇಲ್ಲ. ದೊಡ್ಡ ಅಕ್ಕ, ಅಣ್ಣ ದುಡಿಯಲು ಹೋದರೆ ಮನೆ ನೋಡಿಕೊಳ್ಳುವವಳು ಇವಳೇ. ಇಲ್ಲಿ ರೀಸ್ ಕತ್ತಲಲ್ಲಿ ನುಗ್ಗಲಿಲ್ಲ, ಚಿತ್ರಕ್ಕೆ ನಿಲ್ತೀಯಾ ಅಂತ ಕೇಳಿದ. ಅವಳು ಎದ್ದು ಬಂದು ನಿಂತಳು. ನಗಲಿಲ್ಲ. ನೀನು ಏನು ಕೆಲಸ ಮಾಡ್ತೀಯ ಅಂತ ವಿಚಾರಿಸಿದಾಗ ನೆಲ ಉಜ್ಜುತ್ತೇನೆ ಅಂದಳು.